ಯಜಮಾನನಿಗೆ ಬೆಲೆ ಕಟ್ಟಿದ ಬೆಳಗು

ಹನ್ನೊಂದು ವರ್ಷ ಹಾಡಿ ಹೊಗಳಿ ಸಾಕಿದ ಕುದುರೆಯನ್ನು ಒಂದೇ ಒಂದು ಬೆಳಗಿನ ಮಟ್ಟಿಗೆ ಬೈದರಾಯಿತು, ಅದರಲ್ಲೇನು ಮಹಾ ಎಂದು ಅಕ್ಕ ಅಂದುಕೊಂಡಿದ್ದಳು. ನಾಲ್ಕು ದಿನದಿಂದ ಅಭ್ಯಾಸವನ್ನೂ ಮಾಡಿದ್ದಳು. ಹಲ್ಲುಜ್ಜುತ್ತಾ ಕನ್ನಡಿಯ ಮುಂದೆ "ಕುಂಟ", "ಸೋಮಾರಿ", "ದಂಡಪಿಂಡ" ಎಂದು ಹೇಳಿ ನೋಡಿದರೆ ಬೈಗುಳಗಳು ಸಲೀಸಾಗಿಯೇ ಹೊರಡುತ್ತಿದ್ದವು. ಲಾಯಕ್ಕೆ ಹೋಗಿ ಕುದುರೆಯ ಎದುರು ನಿಂತರೆ ಮಾತ್ರ ಬೈಯುವುದನ್ನು ಬಿಟ್ಟು ಅದರ ಹಣೆ ಸವರುತ್ತಿದ್ದಳು.

ಕುದುರೆಯ ಹೆಸರು ಯಜಮಾನ. ಅಪ್ಪ ಇಟ್ಟದ್ದು. ಮದುವೆಯ ಗೊಡವೆಗೆ ಹೋಗದ ಅಕ್ಕನಿಗೆ ಯಾರಾದರೂ ಫೋನ್ ಮಾಡಿ "ಯಜಮಾನರಿದ್ದಾರಾ?" ಎಂದು ಕೇಳಿದರೆ, "ಇದ್ದಾರೆ, ಹುಲ್ಲು ತಿಂತಾ ಇದ್ದಾರೆ" ಎಂದು ಫೋನ್ ಇಡುತ್ತಿದ್ದಳು. ಅದು ರೇಸಿನ ಕುದುರೆಯಲ್ಲ, ಪ್ರದರ್ಶನದ ಕುದುರೆ. ತೀರ್ಪುಗಾರರ ಮುಂದೆ ಕತ್ತೆತ್ತಿ, ಮೊಣಕಾಲೆತ್ತಿ, ಊರಿಗೆಲ್ಲ ತಾನೇ ಹಿರಿಯನೆಂಬಂತೆ ಹೆಜ್ಜೆ ಹಾಕುವುದು ಅದರ ಕಸುಬು. ಪಕ್ಕದಲ್ಲಿ ಹಗ್ಗ ಹಿಡಿದು ಏದುಸಿರು ಬಿಡುತ್ತಾ ಓಡುವುದು ಅಕ್ಕನ ಕಸುಬು.

ಅಪ್ಪ ಹೋದ ಮೇಲೆ ಸವಾರಿ ಶಾಲೆಯನ್ನು ಅಕ್ಕ, ತಮ್ಮ ಪಾಲು ಮಾಡಿಕೊಂಡರು. ಸೋದರಮಾವ ನಡುವೆ ಕೂತು ಬರೆಸಿದ ಪತ್ರದಲ್ಲಿ ಎಲ್ಲವೂ ಸುಸೂತ್ರವಾಗಿತ್ತು, ಯಜಮಾನನೊಬ್ಬನನ್ನು ಬಿಟ್ಟು. ಅವನ ಬೆಲೆ ಆರು ಲಕ್ಷದ ಒಳಗಿದ್ದರೆ ಅವನು ಅಕ್ಕನ ಪಾಲಿಗೆ. ಆರು ದಾಟಿದರೆ ಮಾರಿ ಅರ್ಧರ್ಧ. ಬೆಲೆ ಕಟ್ಟುವವರು ಹೊರಗಿನವರು, ಅವರು ಹೇಳಿದ್ದೇ ಕೊನೆಯ ಮಾತು. ಅಕ್ಕನ ಕೈಯಲ್ಲಿ ಬಿಡಿಗಾಸಿರಲಿಲ್ಲ. ಕುದುರೆ ಮಾರಾಟಕ್ಕೆ ಹೋದರೆ ಹೋದಂತೆಯೇ.

ಹತ್ತು ಗಂಟೆಗೆ ಸರಿಯಾಗಿ ಬೆಲೆ ಕಟ್ಟುವವರು ಬಂದರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ. ಈಗಲೂ ಕುದುರೆಗಳಿಗೆ ಕೆಂಪು ಪೆನ್ನಿನಲ್ಲೇ ಅಂಕ ಹಾಕುತ್ತಾರೆಂದು ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಅವರ ಹಿಂದೆಯೇ ತಮ್ಮ ಬಂದ. ಮಿರಮಿರ ಮಿಂಚುವ ಬೂಟು, ಕಂಕುಳಲ್ಲಿ ದಪ್ಪ ಫೈಲು. ಬುದ್ಧಿ ಬಂದಾಗಿನಿಂದ ಲಾಯದ ವಾಸನೆಗೆ ಮೂಗು ಮುಚ್ಚಿಕೊಂಡು ಓಡಾಡಿದವನು ಇಂದು ಎದೆ ತುಂಬ ಉಸಿರೆಳೆದುಕೊಂಡು, "ಆಹಾ, ನಮ್ಮ ಕುದುರೆ" ಎಂದ.

"ಮೈ ಉಜ್ಜಿಲ್ಲವಾ ಇದಕ್ಕೆ?" ಮೇಷ್ಟ್ರು ಕೇಳಿದರು. ಯಜಮಾನನ ಒಂದು ಮಗ್ಗುಲು ಪೂರ್ತಿ ಕೆಸರು ಒಣಗಿ ಪೊರೆಗಟ್ಟಿತ್ತು.

"ಉಜ್ಜೋಕೆ ಬಿಡಲ್ಲ ಮೇಷ್ಟ್ರೇ. ಕಚ್ಚುತ್ತೆ," ಅಂದಳು ಅಕ್ಕ.

ಯಜಮಾನ ಮೇಷ್ಟ್ರ ಅಂಗಿಯ ಗುಂಡಿಯನ್ನು ತುಟಿಯಿಂದ ಮೃದುವಾಗಿ ಸವರಿ, ಅದು ತಿನ್ನುವ ವಸ್ತುವಲ್ಲವೆಂದು ಮನಗಂಡು, ಅವರ ಭುಜದ ಮೇಲೆ ಗದ್ದ ಇಟ್ಟು ನಿಂತಿತು.

"ವಯಸ್ಸು?"

"ಹದಿನಾಲ್ಕು," ಅಂದಳು ಅಕ್ಕ.

"ಎಂಟು," ಅಂದ ತಮ್ಮ.

ಮೇಷ್ಟ್ರು ತುಟಿ ಸರಿಸಿ ಹಲ್ಲು ನೋಡಿದರು. "ಹನ್ನೊಂದು. ಇಬ್ಬರೂ ಮೂರು ಮೂರು ವರ್ಷ ತಪ್ಪಿದ್ದೀರಿ. ಒಂದೇ ಮನೆಯವರು ಅಂತ ಗೊತ್ತಾಗುತ್ತೆ."

ಆಮೇಲೆ ಅರ್ಧ ಗಂಟೆ ಅಕ್ಕ ತೆಗಳಿದಳು, ತಮ್ಮ ಹೊಗಳಿದ. ಎಡಗಾಲು ಎಳೆಯುತ್ತದೆ, ಗೊರಸು ಮೆದು, ಗುಡುಗಿದರೆ ಬೆದರುತ್ತದೆ ಎಂದು ಅಕ್ಕ ಒಂದೊಂದಾಗಿ ಒಪ್ಪಿಸಿದಳು. ಹೇಳುವಾಗ ಕುದುರೆಯ ಕಡೆ ನೋಡಲಿಲ್ಲ. ತಮ್ಮ ಫೈಲು ಬಿಚ್ಚಿ, ಎಲ್ಲಿಂದಲೋ ಇಳಿಸಿಕೊಂಡ ಗುಣವರ್ಣನೆಯನ್ನು ಓದಿದ. "ಮರಳುಗಾಡಿನಲ್ಲಿ ನೀರಿಲ್ಲದೆ ಎರಡು ದಿನ ನಡೆಯಬಲ್ಲದು."

"ಎಲ್ಲಿ ನಡೆಸಿದಿರಿ?" ಮೇಷ್ಟ್ರು ಕೇಳಿದರು.

"ತಳಿಯ ಗುಣ ಅದು," ಅಂದ ತಮ್ಮ, ತಲೆಯೆತ್ತದೆ.

"ಇದು ಆ ತಳಿಯಲ್ಲವಲ್ಲ ಸ್ವಾಮಿ."

ತಮ್ಮ ಹಾಳೆ ತಿರುವಿದ. ಮೇಷ್ಟ್ರು ಕುದುರೆಯ ಸುತ್ತ ಒಂದು ಸುತ್ತು ಬಂದು, ಕಣ್ಣು ಕಿರಿದು ಮಾಡಿ, "ಕತ್ತು ತುಸು ದಪ್ಪ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಬರೆದುಕೊಂಡರು.

"ಯಾರ ಕತ್ತು?" ಅಂದಳು ಅಕ್ಕ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲೂ ನೋಡಿದಳು. ಆದರೆ ನಾಲ್ಕು ದಿನದಿಂದ ತಡೆದಿಟ್ಟದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು. "ದಪ್ಪ ಅಲ್ಲ ಮೇಷ್ಟ್ರೇ ಅದು, ಕಮಾನು. ದಪ್ಪ ಕತ್ತು ನೋಡಬೇಕು ಅಂದ್ರೆ ಹೋದ ವರ್ಷ ಎರಡನೇ ಬಹುಮಾನ ತಗೊಂಡಿತಲ್ಲ, ಆ ಹಾಸಿಗೆ ಸುರುಳಿ, ಅದನ್ನ ಹೋಗಿ ನೋಡಿ. ಮೂರು ವರ್ಷದ ಹಿಂದೆ ಪ್ರದರ್ಶನದ ಅಂಗಳದ ನಡುವೆ ಇವನ ಲಾಳ ಕಳಚಿ ಬಿತ್ತು. ಮೇಲೆ ಗುಡುಗು ಬೇರೆ. ಒಂದು ಹೆಜ್ಜೆ ತಪ್ಪಿದ್ರೆ ಕೇಳಿ. ಕೊನೇ ಸುತ್ತಿಗೆ ತೀರ್ಪುಗಾರರು ಎದ್ದು ನಿಂತರು. ನಿಲ್ಲೋದು ನಿಯಮದಲ್ಲೇ ಇಲ್ಲ."

"ಎಡಗಾಲು ಎಳೆಯುತ್ತೆ ಅಂದ್ರಲ್ಲ?"

"ಯಾರಂದದ್ದು?"

"ನೀವೇ ಅಮ್ಮ. ಆಗಲೇ."

ಅಕ್ಕ ನಾಲಿಗೆ ಕಚ್ಚಿಕೊಂಡಳು. ಮೇಷ್ಟ್ರು ಎಡಗಾಲಿನ ಸಾಲಿನ ಮೇಲೆ ಗೀಟು ಎಳೆದರು, ಗುಡುಗಿನ ಸಾಲಿನ ಮೇಲೂ ಎಳೆದರು. "ಒಂದು ಸಲ ಓಡಿಸಿ ತೋರಿಸಿ."

ಕಾಲೆಳೆಯುತ್ತಾ ಓಡಬೇಕೆಂದೇ ಅಕ್ಕ ಹಗ್ಗ ಹಿಡಿದಳು. ಆದರೆ ಅಂಗಳದ ಮರಳು ಕಾಲಿಗೆ ತಾಗಿತೋ ಇಲ್ಲವೋ, ಬೆನ್ನು ತಾನಾಗಿ ನೆಟ್ಟಗಾಯಿತು, ಗದ್ದ ಮೇಲೆದ್ದಿತು. ಯಜಮಾನನದೂ ಎದ್ದಿತು. ಮೈಮೇಲಿನ ಕೆಸರಿನ ಹಕ್ಕಳೆಗಳನ್ನು ಎರಡೂ ಕಡೆಗೆ ಉದುರಿಸುತ್ತಾ ಅದು ಎರಡು ಸುತ್ತು ಬಂತು. ತಮ್ಮ ಕೂಡ ಫೈಲು ಮಡಚಿ ನೋಡಿದ.

"ಹೀಗಾದರೆ ಒಂಬತ್ತೂವರೆ ಲಕ್ಷ," ಅಂದರು ಮೇಷ್ಟ್ರು.

ಅಕ್ಕ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಆದರೆ ಇದು ಅಮ್ಮನವರ ಕೈಯಲ್ಲಿ," ಎಂದು ಅವರು ಮುಂದುವರಿಸಿದರು. "ಕೊಳ್ಳುವವರು ಕುದುರೆ ಹೊಡ್ಕೊಂಡು ಹೋಗ್ತಾರೆ, ಅಮ್ಮನವರನ್ನಲ್ಲ. ಬೇರೆ ಕೈಯಲ್ಲೂ ನೋಡಬೇಕು."

"ಅಯ್ಯೋ, ಅಕ್ಕನೇ ಬೇಕು ಅಂತೇನಿಲ್ಲ," ಅಂದ ತಮ್ಮ, ಗೆದ್ದ ಉತ್ಸಾಹದಲ್ಲಿ. "ಇದನ್ನ ಯಾರು ಬೇಕಾದ್ರೂ ಓಡಿಸಬಹುದು. ಏನೂ ಗೊತ್ತಿಲ್ಲದೋರು ಹಿಡಿದ್ರೂ ಇಷ್ಟೇ ಚೆನ್ನಾಗಿ ಓಡುತ್ತೆ."

"ಹಾಗಾದ್ರೆ ನೀವೇ ಹಿಡೀರಿ. ಅಮ್ಮ, ನೀವು ಅದರ ಕಣ್ಣಿಗೆ ಬೀಳಬೇಡಿ, ಆ ಕಡೆ ಹೋಗಿ."

ಅಕ್ಕ ಮೇವಿನ ಕೋಣೆಯ ಗೋಡೆಯ ಹಿಂದೆ ಹೋಗಿ ನಿಂತಳು. ಅಲ್ಲಿಂದ ಕಾಣುತ್ತಿದ್ದದ್ದು ಹುಲ್ಲಿನ ರಾಶಿ ಮಾತ್ರ. ಕೇಳುವುದಕ್ಕೇನೂ ಕೊರತೆಯಿರಲಿಲ್ಲ.

"ಬಾ ಯಜಮಾನ." ಮೌನ. "ಬಾರಪ್ಪ. ನಮ್ಮಪ್ಪ ಅಲ್ವಾ." ಮೌನ. "ಏ, ಕೇಳಿಸ್ತಾ? ನನ್ನ ಮುಖ ಏನು ನೋಡ್ತಾ ನಿಂತೆ, ನಡಿ."

ಮುಖ ನೋಡ್ತಾ ನಿಂತೆ ಅಂದನಲ್ಲ, ಅಷ್ಟರಲ್ಲೇ ಅಕ್ಕನಿಗೆ ಎಲ್ಲ ತಿಳಿದುಹೋಯಿತು. ತಮ್ಮ ಕುದುರೆಯ ಎದುರಿಗೆ ನಿಂತು ಹಗ್ಗ ಜಗ್ಗುತ್ತಿದ್ದಾನೆ. ಎದುರು ನಿಂತು ಮುಖ ನೋಡಿದರೆ ಕಂಬದ ಹಾಗೆ ನಿಲ್ಲಬೇಕು, ಪಕ್ಕಕ್ಕೆ ಬಂದು ಹೆಗಲಿಗೆ ಹೆಗಲು ಕೊಟ್ಟರೆ ಹೊರಡಬೇಕು: ಮರಿಯಾಗಿದ್ದಾಗ ಅದಕ್ಕೆ ಅವಳು ಕಲಿಸಿದ ಮೊದಲ ಪಾಠ. ಯಜಮಾನ ಚಾಚೂ ತಪ್ಪದೆ ಹೇಳಿದಂತೆ ಕೇಳುತ್ತಿತ್ತು. ಜಗತ್ತಿನಲ್ಲಿ ಇಷ್ಟು ವಿಧೇಯವಾಗಿ ನಡೆದುಕೊಂಡು ಇಷ್ಟು ಬೈಸಿಕೊಂಡ ಪ್ರಾಣಿ ಇನ್ನೊಂದಿರಲಾರದು.

'ಪಕ್ಕಕ್ಕೆ ಬಾರೋ' ಎಂಬ ಎರಡು ಮಾತು ಅಕ್ಕನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದ್ದವು. ಮೂವತ್ತು ವರ್ಷ ಮಕ್ಕಳಿಗೆ ಸವಾರಿ ಹೇಳಿಕೊಟ್ಟ ಬಾಯಿ ಅದು; ತಪ್ಪು ಕಂಡರೆ ತಿದ್ದದೆ ಇದ್ದು ಗೊತ್ತಿಲ್ಲ. ಅವಳು ಒಂದು ಹಿಡಿ ಒಣಹುಲ್ಲು ತೆಗೆದು ಹಲ್ಲಿನ ನಡುವೆ ಕಚ್ಚಿ ಹಿಡಿದಳು.

ಹತ್ತು ನಿಮಿಷದ ಮೇಲೆ ಮೇಷ್ಟ್ರು ಕರೆದರು. ಅಂಗಳದಲ್ಲಿ ಯಜಮಾನ ನಾಲ್ಕು ಕಾಲಿನ ಮೇಲೆ ಶಿಲ್ಪದಂತೆ ನಿಂತಿತ್ತು. ತಮ್ಮ ಬೂಟನ್ನೆಲ್ಲ ಮರಳು ಮಾಡಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ.

"ಅಮ್ಮ, ಇದರ ಬಗ್ಗೆ ಏನಾದ್ರೂ ಹೇಳೋದಿದೆಯಾ?" ಎಂದರು ಮೇಷ್ಟ್ರು, ಅವಳ ತುಟಿಗೆ ಅಂಟಿದ್ದ ಹುಲ್ಲಿನ ಎಸಳನ್ನು ನೋಡುತ್ತಾ.

"ಏನಿಲ್ಲ ಮೇಷ್ಟ್ರೇ," ಅಂದಳು ಅಕ್ಕ.

ಅವರು ಬಹಳ ಹೊತ್ತು ಬರೆದರು. "ಕಾಲು ಗಟ್ಟಿ. ಸ್ವಭಾವ ಸಾಧು. ಬೇರೆಯವರ ಕೈಗೆ ಹೊಂದಿಕೊಳ್ಳುತ್ತೆ ಅಂತ ನಾನು ಕಣ್ಣಾರೆ ಕಂಡಿಲ್ಲ. ಕಾಣದ್ದನ್ನ ಬರೆಯೋಕಾಗಲ್ಲ. ನಾಲ್ಕು ಲಕ್ಷ ಮೂವತ್ತು ಸಾವಿರ."

ಅಕ್ಕನ ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಇಳಿದ ಜಾಗದಲ್ಲಿ ತಕ್ಷಣ ಏನೋ ಚುಚ್ಚಿತು.

"ನಾಲ್ಕೂ ಮೂವತ್ತಾ?" ಅಂದಳು. "ಇವನಿಗಾ? ಏನು ಮೇಷ್ಟ್ರೇ, ಗಾಡಿಗೆ ಕಟ್ಟೋ ಕುದುರೆಗೆ ಹೇಳೋ ರೇಟ್ ಹೇಳ್ತಿದ್ದೀರಲ್ಲ."

"ನಾನೂ ಅದನ್ನೇ ಹೇಳ್ತಿರೋದು," ಅಂದ ತಮ್ಮ. ವರ್ಷಗಳ ಮೇಲೆ ಅಕ್ಕ, ತಮ್ಮ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. "ಏರಿಸಲಾ ಅಮ್ಮ? ಎಷ್ಟಕ್ಕೆ? ಆರು ದಾಟಿದ್ರೂ ಪರವಾಗಿಲ್ವಾ?"

ಅಕ್ಕ ಸ್ವಲ್ಪ ಹೊತ್ತು ಮರಳನ್ನು ಕಾಲಲ್ಲಿ ಕೆದಕಿದಳು. "ಬೇರೇನೂ ಬೇಡ. ಆ ಕತ್ತಿನದ್ದೊಂದು ಹೊಡೆದುಹಾಕಿ."

ಅವರು 'ದಪ್ಪ' ಎಂಬುದನ್ನು ಹೊಡೆದು 'ಕಮಾನು' ಎಂದು ಬರೆದರು. ಅದಕ್ಕೆ ಹತ್ತು ಸಾವಿರ ಹೆಚ್ಚಾಯಿತು. ಅಕ್ಕ ರುಜು ಹಾಕಿದಳು, ತಮ್ಮನೂ ಹಾಕಿದ. ಮೇಷ್ಟ್ರು ಕಾಫಿ ಬೇಡವೆಂದು ಕಾರಿನ ಕಡೆ ನಡೆದರು.

ತಮ್ಮ ಫೈಲನ್ನು ಕಟ್ಟೆಯ ಮೇಲಿಟ್ಟು ಕೂತ. ಸೋತವನ ಮುಖವಿರಲಿಲ್ಲ, ಅವಮಾನವಾದವನ ಮುಖವಿತ್ತು. "ಹೋಗಲಿ ಬಿಡು, ನಿನ್ನ ಯಜಮಾನ ನಿನಗೇ ಇರಲಿ. ಆದ್ರೂ ಅಕ್ಕ, ನನ್ನ ಜೊತೆ ಒಂದು ಹೆಜ್ಜೆ ಬಂದಿದ್ರೆ ಅದರ ಗಂಟೇನು ಹೋಗ್ತಿತ್ತು? ನಾನೂ ಈ ಮನೆಯವನೇ ತಾನೆ?"

ಅಕ್ಕನಿಗೆ ಪಾಪ ಅನ್ನಿಸಿತು. ತಿದ್ದುವ ಬಾಯಿ ಬೇರೆ ಅರ್ಧ ಗಂಟೆಯಿಂದ ತಡೆದುಕೊಂಡಿತ್ತು. "ಏಳು. ಎದುರಿಗೆ ಹೋಗಿ ಯಾಕೋ ನಿಲ್ತೀಯ, ಅದೇನು ನಿನಗೆ ಸಾಲ ಕೊಡಬೇಕಾ? ಪಕ್ಕಕ್ಕೆ ಬಾ. ಹೆಗಲಿಗೆ ಹೆಗಲು. ಅದನ್ನ ನೋಡಬೇಡ, ದಾರಿ ನೋಡು. ಈಗ ನಡಿ."

ತಮ್ಮ ನಡೆದ. ಯಜಮಾನ ಕತ್ತನ್ನು ಕಮಾನಿನಂತೆ ಎತ್ತಿ, ಮೊಣಕಾಲು ಎದೆಗೆ ತಾಗುವಂತೆ ಹೆಜ್ಜೆ ಹಾಕಿತು. ಐದು ಹೆಜ್ಜೆಗೆ ತಮ್ಮನ ಮುಖ ಎಂಟು ವರ್ಷದವನ ಹಾಗೆ ಅರಳಿತು.

"ಅಕ್ಕ, ಬರ್ತಾ ಇದೆ, ನೋಡು, ಬರ್ತಾ ಇದೆ."

ಅಕ್ಕ ನೋಡಲಿಲ್ಲ. ಅವಳ ಕಣ್ಣು ಗೇಟಿನ ಮೇಲಿತ್ತು. ಮೇಷ್ಟ್ರು ಕಾರಿನ ಬಾಗಿಲು ತೆರೆದು ಇನ್ನೂ ಕೈಚೀಲ ಒಳಗಿಡುತ್ತಿದ್ದರು.

"ಲೋ, ಅದರ ಎದುರಿಗೆ ಹೋಗಿ ನಿಂತ್ಕೊ," ಅಂದಳು ಅಕ್ಕ, ಹಲ್ಲು ಬಿಗಿಹಿಡಿದು, ಮೇಷ್ಟ್ರ ಕಡೆ ನಗುತ್ತಾ ಕೈಬೀಸುತ್ತಾ. "ಅವರು ಆ ತಿರುವು ದಾಟೋವರೆಗೆ ನಿಂತ್ಕೊ. ಆಮೇಲೆ ಸಾಯಂಕಾಲದವರೆಗೂ ಬೇಕಾದ್ರೆ ಓಡಿಸು."