ಸೊಟ್ಟಮೂಗು ಹತ್ತದ ಮನೆಮಗಳು

ನಾಲ್ಕು ಅಂತಸ್ತಿನ ಕಟ್ಟಡದ ಗೋಡೆಯ ಮೇಲೆ ಜೀಪನ್ನು ನೆಟ್ಟಗೆ ಹತ್ತಿಸಿ, ಮೂರನೇ ಅಂತಸ್ತಿನ ಬಾಲ್ಕನಿಯಲ್ಲಿದ್ದ ಅಜ್ಜಿಗೆ ಗ್ಯಾಸ್ ಸಿಲಿಂಡರ್ ಕೊಟ್ಟು, ಖಾಲಿಯಾದದ್ದನ್ನು ಈಚೆ ಇಸಿದುಕೊಂಡು, ರಿವರ್ಸ್ ಗೇರಿನಲ್ಲಿ ಹಾಗೇ ಕೆಳಗಿಳಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅವನೇ ಉಡ. ಅಂದು ಬಾನೆಟ್ಟಿನ ಮೇಲಿಟ್ಟಿದ್ದ ಚಹಾದ ಲೋಟದಿಂದ ಒಂದು ಹನಿಯೂ ಚೆಲ್ಲಲಿಲ್ಲ. ಇಳಿದು ನೋಡಿದರೆ ಚಹಾ ಸ್ವಲ್ಪ ಜಾಸ್ತಿಯೇ ಆಗಿತ್ತು, ಅಜ್ಜಿ ಮೇಲಿನಿಂದ ಹುಯ್ದಿರಬೇಕು. ಸಾಕ್ಷಿ ಕೇಳುವವರಿಗೆ ಒಂದು ಮಾತು: ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು, ಕಟ್ಟಡವನ್ನೂ ಕೆಡವಿದ್ದಾರೆ.

ಉಡ ಎಂಬ ಹೆಸರನ್ನು ಬೇರೆ ಯಾರೂ ಇಡಲಿಲ್ಲ, ಅವನೇ ಇಟ್ಟುಕೊಂಡ. ಉಡ ಗೋಡೆ ಹಿಡಿದರೆ ಬಿಡುವುದಿಲ್ಲವಲ್ಲ, ಹಾಗೆ. ಕಂಪನಿಯ ಕಾಗದಗಳಿಗೂ ಅದೇ ಸಹಿ. ಗಾಡಿ ತಯಾರಿಸುವ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವನದು ಒಂದೇ ಕೆಲಸ. ಹೊಸ ಗಾಡಿಯನ್ನು ಮಾರುಕಟ್ಟೆಗೆ ಬಿಡುವ ಮೊದಲು ಕಲ್ಲು, ಕೆಸರು, ದಿಬ್ಬಗಳ ಮೇಲೆ ಓಡಿಸಬೇಕು. ಎದುರಾಳಿಗಳ ಗಾಡಿಗಳನ್ನೂ ಅದೇ ದಾರಿಯಲ್ಲಿ ಓಡಿಸಬೇಕು. ಯಾವುದು ಕಾಳು, ಯಾವುದು ಜೊಳ್ಳು ಎಂದು ಹೇಳಬೇಕು.

ಈ ಸಲ ಕಂಪನಿಯ ಮರ್ಯಾದೆಯೆಲ್ಲ ಒಂದು ಹೊಸ ಗಾಡಿಯ ಮೇಲೆ ನಿಂತಿತ್ತು. ಆನೆಯ ಎದೆ, ಎಮ್ಮೆಯ ಚರ್ಮ, ಕಾಡುಮೇಡಿಗೆಂದೇ ಹುಟ್ಟಿದ್ದು. ಅದರೆದುರು ಎರಡು ಎದುರಾಳಿಗಳು. ಪರೀಕ್ಷೆ ನಡೆಯುವ ಹಳೆಯ ಕಲ್ಲುಕ್ವಾರಿಯಲ್ಲಿ ಎದುರಾಳಿಗಳ ಹೆಸರು ಹೇಳುವಂತಿಲ್ಲ. ಹೆಸರಿನ ಮೇಲೆಲ್ಲ ಕಪ್ಪು ಟೇಪು ಅಂಟಿಸಿರುತ್ತಾರೆ. ಹಾಗಾಗಿ ಅಲ್ಲಿಯವರ ಬಾಯಲ್ಲಿ ದುಬಾರಿ ಗಾಡಿ ‘ಅತ್ತೆಮನೆ’, ಅಗ್ಗದ್ದು ‘ಪಕ್ಕದಮನೆ’, ತಮ್ಮದು ‘ಮನೆಮಗಳು’.

ಕ್ವಾರಿಯ ತುದಿಯಲ್ಲಿ ಒಂದು ಏರು ಇತ್ತು. ಸಡಿಲ ಜಲ್ಲಿ, ಮಧ್ಯದಲ್ಲಿ ಎಡಕ್ಕೆ ವಾಲಿದ ಬಂಡೆ. ಅದರ ಹೆಸರು ಸೊಟ್ಟಮೂಗು. ಅತ್ತೆಮನೆ ಅದನ್ನು ಗತ್ತಿನಿಂದ ಹತ್ತಿತು. ಪಕ್ಕದಮನೆ ಕೆಮ್ಮುತ್ತ, ಕ್ಯಾಕರಿಸುತ್ತ, ಅಂತೂ ಹತ್ತಿತು. ಮನೆಮಗಳು ಹತ್ತಲಿಲ್ಲ.

ಮೊದಲ ದಿನ ನಾಲ್ಕು ಸಲ. ಎರಡನೇ ದಿನ ಐದು ಸಲ. ಪ್ರತಿ ಸಲವೂ ಅದೇ ಬಂಡೆಯ ಬಳಿ ಬಂದು, ನಾಲ್ಕೂ ಚಕ್ರ ಗಿರಗಿರನೆ ತಿರುಗಿ, ಜಲ್ಲಿಯನ್ನು ಹಿಂದಕ್ಕೆ ಎರಚಿ, ಗಾಡಿ ನಿಂತಲ್ಲೇ ನಿಂತು ಅರಚುತ್ತಿತ್ತು. ಆ ಜಲ್ಲಿ ಎಷ್ಟು ದೂರ ಹಾರಿತೆಂದರೆ ಹಿಂದಿನ ಊರಿನವರು ಆ ಕಲ್ಲಿನಲ್ಲೇ ಒಂದು ಸಾಲು ಮನೆ ಕಟ್ಟಿಕೊಳ್ಳಬಹುದಿತ್ತು. ಕ್ಲಚ್ಚು ಸುಟ್ಟ ವಾಸನೆ ಉಡನ ಅಂಗಿಗೆ ಹತ್ತಿ, ಅಂಗಿಯಿಂದ ಮನೆಗೆ ಬಂದು, ಹೆಂಡತಿ ಒಲೆಯ ಮೇಲೆ ಏನು ಸೀದುಹೋಯಿತೆಂದು ಎರಡು ಸಲ ಎದ್ದು ನೋಡಿದಳು.

ಮೂರನೇ ದಿನ ಬೆಳಗ್ಗೆ ಮತ್ತೆರಡು ಸಲ ಸೋತು ಉಡ ಕೆಳಗಿಳಿದ. ಟೋಪಿಯನ್ನು ನೆಲಕ್ಕೆ ಬಡಿದ. ಎತ್ತಿಕೊಂಡ. ಮತ್ತೆ ಬಡಿದ. ಒಂದು ಸಲದ ಸಿಟ್ಟು ಸಾಲಲಿಲ್ಲ.

“ಭಾವ, ಟೋಪಿ ಏನು ತಪ್ಪು ಮಾಡ್ತು?” ಎಂದ ಮೆಕ್ಯಾನಿಕ್. ಅವನು ಉಡನ ಹೆಂಡತಿಯ ತಮ್ಮ, ನಲವತ್ತು ದಾಟಿದವನು. ಮನೆಯಲ್ಲೂ ಕ್ವಾರಿಯಲ್ಲೂ ಅವನಿಗೆ ಮಾತು ಮಿತ. ಆಡಿದ್ದು ಮಾತ್ರ ಮುಳ್ಳಿನ ಹಾಗೆ ನೆಟ್ಟುಕೊಳ್ಳುತ್ತಿತ್ತು.

“ಎಂಜಿನ್ನಿಗೆ ದಮ್ಮಿಲ್ಲ ಕಣಯ್ಯ! ದಮ್ಮಿದ್ರೆ ಈ ಏರೇನು, ಚಂದ್ರಲೋಕಕ್ಕೆ ಹತ್ತಿಸ್ತೀನಿ.”

“ಚಂದ್ರಲೋಕ ಆಮೇಲೆ. ಟೈರಿಗೆ ಗೇಜು ಹಾಕಿ ಗಾಳಿ ನೋಡ್ಲಾ? ಮೊದಲ್ನೇ ದಿನಾನೇ ಕೇಳ್ದೆ.”

“ಮೊದಲ್ನೇ ದಿನಾನೇ ಹೇಳ್ದೆ, ಬೇಡ ಅಂತ. ಒದ್ದು ನೋಡಿದೀನಿ. ಇಪ್ಪತ್ತೆಂಟು ವರ್ಷದ ಕಾಲು ಇದು! ನಿನ್ನ ಗೇಜು ಇನ್ನೂ ತೊಟ್ಟಿಲಲ್ಲಿದ್ದಾಗ ಈ ಕಾಲು ಗಾಳಿ ಅಳೀತಿತ್ತು.”

ಇದು ಹಳೆಯ ಡ್ರೈವರುಗಳ ಪದ್ಧತಿ. ಸಡಿಲ ಜಲ್ಲಿಯ ಮೇಲೆ ಹತ್ತುವ ಮೊದಲು ಟೈರಿನ ಗಾಳಿಯನ್ನು ಅರ್ಧಕ್ಕೆ, ಮೂವತ್ತಾರಿದ್ದದ್ದನ್ನು ಹದಿನೆಂಟಕ್ಕೆ ಇಳಿಸಬೇಕು. ಆಗ ಟೈರು ಅಗಲವಾಗಿ ನೆಲವನ್ನು ಅಪ್ಪಿಕೊಳ್ಳುತ್ತದೆ. ಎಷ್ಟು ಇಳಿದಿದೆ ಎಂದು ಬೂಟುಗಾಲಿನಿಂದ ಒದ್ದು ತಿಳಿಯಬೇಕು. ಗೇಜು ಹಿಡಿದವನು ಅವರ ಲೆಕ್ಕದಲ್ಲಿ ಡ್ರೈವರಲ್ಲ, ನರ್ಸು.

ಭಾವಮೈದ ಗೇಜನ್ನು ಜೇಬಿಗೆ ಹಾಕಿಕೊಂಡ.

ಉಡನ ಸಂಕಟ ಗಾಡಿಯದ್ದಷ್ಟೇ ಆಗಿರಲಿಲ್ಲ. ಕ್ವಾರಿಯ ಗೇಟಿನ ಪಕ್ಕ ಒಂದು ಚಿಕ್ಕ ಕಿಟಕಿ. ಅದರ ಹಿಂದೆ ಕೂತು ಗಾಡಿಗಳ ಕೀಲಿಕೈ ಕೊಡುವವನು ಹಿಂದೊಮ್ಮೆ ಈ ಕಂಪನಿಯ ಹಿರೇಡ್ರೈವರು. ಕೈ ನಡುಗುತ್ತದೆ ಎಂದು ಯಾರೋ ಬರೆದುಕೊಟ್ಟದ್ದೇ ತಡ, ಅವನನ್ನು ಸೀಟಿನಿಂದ ಎಬ್ಬಿಸಿ ಅಲ್ಲಿ ಕೂರಿಸಿದರು. ಈಗ ದಿನವಿಡೀ ತೂಕಡಿಸುತ್ತಾನೆ. ಉಡನಿಗೆ ಐವತ್ತಾರು. ಕಳೆದ ವರ್ಷ ಒಂದು ಗಾಡಿಯನ್ನು ಹಳ್ಳಕ್ಕೆ ಇಳಿಸಿದ್ದಕ್ಕೆ ಅವನ ಹೆಸರಿನ ಮುಂದೆ ‘ಚಾಲಕನ ತಪ್ಪು’ ಎಂದು ಒಂದು ಸಲ ಬಿದ್ದಾಗಿತ್ತು. ಎರಡನೇ ಸಲ ಬಿದ್ದರೆ ಕಿಟಕಿಯೇ ಗತಿ. ಹತ್ತದಿರುವುದು ಗಾಡಿಯೋ, ತಾನೋ? ಈ ಪ್ರಶ್ನೆ ಬಂದಾಗಲೆಲ್ಲ ಅವನು ಇನ್ನಷ್ಟು ಜೋರಾಗಿ ಎಂಜಿನ್ನನ್ನು ಬೈಯುತ್ತಿದ್ದ.

ಆಗ ಫೋನು ಬಂತು. ಆ ಕಡೆ ತಕ್ಕಡಿ ಮೇಡಂ.

ಗಾಡಿಗೆ ಬೆಲೆ ಕಟ್ಟುವವರು ಅವರೇ. ಅವರ ಬಳಿ ಒಂದು ಉದ್ದನೆಯ ಪಟ್ಟಿ. ಅತ್ತೆಮನೆಯ ಬೆಲೆಯನ್ನು ನಡುವೆ ಇಟ್ಟುಕೊಂಡು, ಮನೆಮಗಳಲ್ಲಿ ಹೆಚ್ಚಿದ್ದಕ್ಕೆ ಕೂಡಿ, ಕಡಿಮೆಯಿದ್ದಕ್ಕೆ ಕಳೆದು, ಬಾಗಿಲಿನ ಹಿಡಿಯಿಂದ ಹಿಡಿದು ಹಾರ್ನಿನ ದನಿಯವರೆಗೆ ತೂಗುತ್ತಿದ್ದರು. ಎಲ್ಲ ಸಾಲೂ ತುಂಬಿತ್ತು, ಉಳಿದದ್ದು ಸೊಟ್ಟಮೂಗೊಂದೇ. ಹತ್ತಿದರೆ ಬೆಲೆ ಅತ್ತೆಮನೆಗಿಂತ ಆರು ಪರ್ಸೆಂಟ್ ಮೇಲೆ. ಹತ್ತದಿದ್ದರೆ ಒಂಬತ್ತು ಕೆಳಗೆ, ಪಕ್ಕದಮನೆಯ ಮಗ್ಗುಲಿಗೆ.

“ಹತ್ತಿತಾ?” ಎಂದರು ಮೇಡಂ. ಅವರು ಮಾತನ್ನೂ ತೂಗಿಯೇ ಆಡುವವರು.

ಹತ್ತಲಿಲ್ಲ ಎನ್ನಲು ಉಡ ಬಾಯಿ ತೆರೆದ. ಆದರೆ ಆ ಬಾಯಿಗೆ ತನ್ನದೇ ಅಭ್ಯಾಸವಿತ್ತು.

“ಹತ್ತೋದೇನು ಮೇಡಂ, ಹಾರಿತು! ಮೂರು ಸಲ. ಮೂರನೇ ಸಲ ರಿವರ್ಸಿನಲ್ಲಿ! ಮೇಲೆ ನಿಂತಿದ್ದ ಹದ್ದು ಹೆದರಿ ಜಾಗ ಬಿಡ್ತು.”

“ರಿವರ್ಸಿನಲ್ಲಾ? ಒಳ್ಳೇದು. ಮೂರು ಗಂಟೆಗೆ ಬರ್ತೀನಿ. ನೋಡ್ಬೇಕು.”

ಉಡ ಫೋನು ಇಟ್ಟ.

“ಹದ್ದು ಯಾಕೆ ಭಾವ?” ಎಂದ ಭಾವಮೈದ. “ರಿವರ್ಸಿಗೇ ನಿಲ್ಲಿಸಬಾರದಿತ್ತಾ?”

“ನೀನು ಸುಮ್ನಿರು! ಮೊದಲೇ ತಲೆ ಕೆಟ್ಟಿದೆ.”

ಕೆಟ್ಟ ತಲೆಯೊಳಗೆ ಒಂದು ಕೆಟ್ಟ ಉಪಾಯ ಹೊಳೆಯಿತು. ಮನೆಮಗಳು ಹತ್ತದಿದ್ದರೇನು, ಉಳಿದವೂ ಹತ್ತದಿದ್ದರಾಯಿತು! ಅತ್ತೆಮನೆಗೂ ಪಕ್ಕದಮನೆಗೂ ಟೈರು ಬಿರಿಯುವಷ್ಟು ಗಾಳಿ ತುಂಬಿಬಿಟ್ಟರೆ ಮೂರೂ ಒಂದೇ ಬಂಡೆಗೆ ಜಾರುತ್ತವೆ. ಇವತ್ತು ಏರೇ ಕೆಟ್ಟಿದೆ ಎಂದರೆ ಮೇಡಂ ನಂಬದೆ ಏನು ಮಾಡುತ್ತಾರೆ? ಭಾವಮೈದ ಊಟಕ್ಕೆ ಹೋದದ್ದನ್ನು ಕಾದು, ಉಡ ಗಾಳಿಯ ಯಂತ್ರವನ್ನು ಎಳೆದುಕೊಂಡು ಅತ್ತೆಮನೆಯ ಬಳಿ ಕುಕ್ಕರುಗಾಲಿನಲ್ಲಿ ಕೂತ. ಆ ಯಂತ್ರಕ್ಕೆ ಒಂದು ಮುಳ್ಳು ಇತ್ತು. ಅದರ ನಳಿಗೆಯನ್ನು ಟೈರಿಗೆ ಸಿಕ್ಕಿಸಿದ ಕೂಡಲೇ ಮುಳ್ಳು ಹದಿನೆಂಟು ತೋರಿಸಿತು.

ಹದಿನೆಂಟು. ಅವನ ಕಾಲು ಹೇಳಿದಷ್ಟೇ. ಉಡ ಹೆಮ್ಮೆಯಿಂದ ತನ್ನ ಬೂಟನ್ನು ಒಮ್ಮೆ ಸವರಿದ. ಪಕ್ಕದಮನೆಗೆ ಸಿಕ್ಕಿಸಿದ. ಅಲ್ಲೂ ಹದಿನೆಂಟು. ಆಹಾ! ಇಂಥ ಕಾಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯಬೇಕು. ಈ ಸಂತೋಷದಲ್ಲೇ, ಕಾಲಿಗೆ ಮೂರನೇ ಪದಕವೂ ಬರಲೆಂದು, ಮನೆಮಗಳ ಟೈರಿಗೂ ನಳಿಗೆ ಸಿಕ್ಕಿಸಿದ.

ಮುಳ್ಳು ಮೂವತ್ತಾರಕ್ಕೆ ಹೋಗಿ ನಿಂತಿತು.

ಉಡ ಯಂತ್ರವನ್ನು ಕುಟ್ಟಿದ. ಮೂವತ್ತಾರು. ಎರಡನೇ ಟೈರು, ಮೂರನೇ ಟೈರು, ನಾಲ್ಕನೇ ಟೈರು. ಮೂವತ್ತಾರು, ಮೂವತ್ತಾರು, ಮೂವತ್ತಾರು. ಎದ್ದು ಟೈರಿಗೆ ಒದ್ದ. ಬೊದ್ ಎಂದು ಮೆತ್ತಗೆ, ಗಾಳಿ ಇಳಿದ ಟೈರಿನ ಹಾಗೇ ಒಳಗೆ ಹೋಯಿತು. ಹೊಸ ಬಗೆಯ ಟೈರು. ಕಲ್ಲು ತಗುಲಿದರೆ ಹರಿಯದಿರಲೆಂದು ಪಕ್ಕಕ್ಕೆಲ್ಲ ಮೆದು ರಬ್ಬರಿನ ದಪ್ಪ ಹೊದಿಕೆ. ಇಪ್ಪತ್ತೆಂಟು ವರ್ಷದ ಕಾಲು ಮೂರು ದಿನ ಹೊದಿಕೆಗೆ ಒದ್ದು, ವರ್ಕ್‌ಶಾಪಿನವರು ಗಾಳಿ ಇಳಿಸಿಯೇ ಕಳಿಸಿದ್ದಾರೆಂದು ತಿಳಿದಿತ್ತು.

ಊಟದಿಂದ ಬಂದ ಭಾವಮೈದ ನಾಲ್ಕೂ ಟೈರಿನಿಂದ ಬುಸ್ಸೆಂದು ಗಾಳಿ ಹೋಗುತ್ತಿದ್ದುದನ್ನು ಕಂಡ. ಜೇಬಿನಿಂದ ಗೇಜು ತೆಗೆದು ತಾನೂ ಕೂತ. ಏನೂ ಕೇಳಲಿಲ್ಲ. ಅವನು ಕೇಳಿದ್ದರೆ ಉಡನಿಗೆ ಇಷ್ಟು ಉರಿಯುತ್ತಿರಲಿಲ್ಲ.

ಹನ್ನೆರಡನೇ ಸಲ ಮನೆಮಗಳು ಸೊಟ್ಟಮೂಗನ್ನು ಬೆಣ್ಣೆಯ ಮೇಲೆ ಚಾಕು ಎಳೆದ ಹಾಗೆ ಹತ್ತಿತು. ಬಂಡೆ ಬಂದದ್ದೂ ಗೊತ್ತಾಗಲಿಲ್ಲ. ಮೇಲೆ ನಿಂತು ಕೆಳಗೆ ನೋಡಿದಾಗ ಉಡನಿಗೆ ನಗಬೇಕೋ, ಟೋಪಿ ಬಡಿಯಬೇಕೋ ತಿಳಿಯಲಿಲ್ಲ. ಟೋಪಿ ಬಡಿದ.

ಕೆಳಗೆ ಬಿಳಿ ಕಾರೊಂದು ಬಂದು ನಿಂತಿತ್ತು. ಮೇಡಂ ಅರ್ಧ ಗಂಟೆ ಮೊದಲೇ ಬಂದಿದ್ದರು.

“ಹತ್ತಿದ್ದು ನೋಡಿದೆ,” ಎಂದರು ಉಡ ಇಳಿದು ಬಂದಾಗ. “ಚೆನ್ನಾಗಿ ಹತ್ತಿತು.”

“ನಾನು ಹೇಳಲಿಲ್ವಾ ಮೇಡಂ! ಇದು ಏನೇನೂ ಅಲ್ಲ. ಬೆಳಗ್ಗೆ ಹತ್ತಿದ್ದು ನೋಡ್ಬೇಕಿತ್ತು.”

“ಅದನ್ನೂ ನೋಡೋಣ,” ಎಂದು ಮೇಡಂ ಡ್ರೈವರ್ ಸೀಟಿನ ಕೆಳಗೆ ಕೈಹಾಕಿ ಬೂದು ಬಣ್ಣದ ಡಬ್ಬಿಯೊಂದಕ್ಕೆ ತಂತಿ ಸಿಕ್ಕಿಸಿದರು. ಉಡ ಅದನ್ನು ರೇಡಿಯೋದ ಭಾಗವೆಂದು ತಿಳಿದಿದ್ದ. ಅವರ ಕೈಯಲ್ಲಿದ್ದ ಪರದೆಯ ಮೇಲೆ ಗೆರೆಗಳು ಮೂಡಿದವು. ಮೇಡಂ ಬೆರಳಿಟ್ಟು ಒಂದೊಂದಾಗಿ ಎಣಿಸಿದರು.

“ಹನ್ನೆರಡು ಸಲ ಪ್ರಯತ್ನ. ಹತ್ತಿದ್ದು ಒಂದು ಸಲ. ಈಗಿಂದು. ರಿವರ್ಸ್ ಇಲ್ಲವೇ ಇಲ್ಲ.”

“ಅದು… ಬೆಳಗ್ಗೆ ಮಂಜು ಮೇಡಂ. ಜಲ್ಲಿ ಒದ್ದೆ.”

“ಮಧ್ಯಾಹ್ನದ ಬಿಸಿಲಲ್ಲೂ ಜಾರಿದೆ.”

“ಬಿಸಿಲಿಗೆ ಜಲ್ಲಿ ಉಬ್ಬುತ್ತೆ. ಉಬ್ಬಿ ಉಬ್ಬಿ ಏರೇ ಎತ್ತರ ಆಗಿರತ್ತೆ.”

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಹನ್ನೆರಡರಲ್ಲಿ ಒಂದು ಸಲ ಹತ್ತೋ ಗಾಡಿನ ಯಾರು ಕೊಳ್ತಾರೆ? ಒಂಬತ್ತು ಪರ್ಸೆಂಟ್ ಕೆಳಗೆ ಬರೀತೀನಿ. ಗಾಡಿದು ತಪ್ಪಲ್ಲ ಅನ್ನೋದಾದ್ರೆ ಕಾರಣ ಬೇಕು. ಡ್ರೈವರ್ ಸಹಿ ಸಮೇತ.”

ಆ ಗಾಡಿಗೆ ವರ್ಕ್‌ಶಾಪಿನವರು ಆರು ವರ್ಷ ಬೆವರು ಸುರಿಸಿದ್ದರು. ಆ ಎದೆಯ, ಆ ಚರ್ಮದ ಗಾಡಿ ಕೆಮ್ಮುವ ಪಕ್ಕದಮನೆಯ ಮಗ್ಗುಲಲ್ಲಿ ಅಗ್ಗಕ್ಕೆ ನಿಲ್ಲುತ್ತದೆ.

ಮೇಡಂ ಕಣ್ಣು ಭಾವಮೈದನ ಕೈಯಲ್ಲಿದ್ದ ಗೇಜಿನ ಮೇಲೆ ಬಿತ್ತು. “ಗಾಳಿದೇನಾದ್ರೂ ತೊಂದರೆ ಆಯ್ತಾ? ಗಾಳಿ ನೋಡೋದು ಮೆಕ್ಯಾನಿಕ್ ಕೆಲಸ ಅಲ್ವಾ?”

ಬಾಗಿಲು ತೆರೆದೇ ಇತ್ತು. ಹೌದು ಎಂದರೆ ಸಾಕು. ಮೆಕ್ಯಾನಿಕ್ ತಪ್ಪು ಎಂದು ಬೀಳುತ್ತದೆ, ಗಾಡಿಯ ಬೆಲೆ ಉಳಿಯುತ್ತದೆ, ಸೀಟೂ ಉಳಿಯುತ್ತದೆ. ಭಾವಮೈದ ಗೇಜಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತ ನಿಂತಿದ್ದ. ಅವನು ಎರಡು ಸಲ ಕೇಳಿದ್ದ.

“ಅವನದಲ್ಲ ಮೇಡಂ,” ಎಂದ ಉಡ. ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣಗಿತ್ತು. “ಅವನು ನೋಡ್ತೀನಿ ಅಂದ. ನಾನೇ ಬಿಡಲಿಲ್ಲ.”

“ಮತ್ತೆ?”

“ಕಾಲಲ್ಲಿ ಒದ್ದು ನೋಡ್ದೆ. ಮೆತ್ತಗಿತ್ತು. ಇಳಿಸಿದಾರೆ ಅನ್ಕೊಂಡೆ. ಮೂವತ್ತಾರಿತ್ತು.”

“ಮೂರು ದಿನಾನೂ?”

“ಮೂರು ದಿನಾನೂ. ಹನ್ನೊಂದು ಸಲ ಹತ್ತಲಿಲ್ಲ. ಫೋನಲ್ಲಿ ಹೇಳಿದ್ದು ಸುಳ್ಳು. ಇವತ್ತು ಗಾಳಿ ಇಳಿಸಿದ್ಮೇಲೆ ಒಂದು ಸಲ ಹತ್ತಿತು, ಅದನ್ನ ನೀವೇ ನೋಡಿದ್ರಿ. ಗಾಡಿಗೆ ಏನೂ ಆಗಿಲ್ಲ. ಆರು ಪರ್ಸೆಂಟೇ ಬರ್ಕೊಳ್ಳಿ.”

ಮೇಡಂ ಪಟ್ಟಿಯನ್ನು ಬಾನೆಟ್ಟಿನ ಮೇಲಿಟ್ಟು, ಕಾರಣ ಎಂಬ ಖಾನೆಗೆ ಬೆರಳು ತೋರಿಸಿ ಪೆನ್ನು ಕೊಟ್ಟರು. ಉಡ ಬಗ್ಗಿದ. ಖಾನೆ ಬಹಳ ಚಿಕ್ಕದಿತ್ತು. ಏನನ್ನೂ ಉಬ್ಬಿಸಿ ಬರೆಯಲು ಅದರಲ್ಲಿ ಜಾಗವಿರಲಿಲ್ಲ. ‘ಗಾಳಿ ಇಳಿಸಿರಲಿಲ್ಲ. ಚಾಲಕನ ತಪ್ಪು’ ಎಂದು ಬರೆದು, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ಅದರ ಕೆಳಗೆ ತನ್ನ ನಿಜವಾದ ಹೆಸರು ಹಾಕಿದ.