ಅವನ ಹೆಸರಿಗೆ ಬರೆದ ಹಸುಗಳು

ಇಕ್ವಾಪನಿಗೆ ನಾಲ್ಕು ಹಸುಗಳಿರಲಿಲ್ಲ. ಇದ್ದದ್ದು ಒಂದು, ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಕಂದು ಹಸು. ಅದೂ ತಂಗಿಯ ಮದುವೆಯಲ್ಲಿ ಬಂದದ್ದು. ಜೊತೆಗೆ ಎರಡು ಆಡು, ಒಂದು ಸೈಕಲ್ಲು. ಸೈಕಲ್ಲಿನ ಹಿಂದೆ ಸ್ಪಂಜಿನ ಗಾದಿ ಕಟ್ಟಿ, ಕುಮಿ ಸಂತೆಗೆ ಹೋಗುವವರನ್ನು ಕೂರಿಸಿಕೊಂಡು ತುಳಿದು ಹೊಟ್ಟೆ ಹೊರೆಯುತ್ತಿದ್ದ. ಅವನು ಮದುವೆಯಾಗಬೇಕೆಂದಿದ್ದ ಅಗುತಿಯ ಕಡೆಯವರು ಹೆಣ್ಣಿಗೆ ತೆರವಾಗಿ ಕೇಳಿದ್ದು ನಾಲ್ಕು ಹಸು. ಅಗುತಿಗೆ ಅಪ್ಪನಿಲ್ಲ, ಚಿಕ್ಕಪ್ಪ ಅರಿಕೊನದೇ ಕೊನೆಯ ಮಾತು. 'ಸುಗ್ಗಿ ಆದ್ಮೇಲೆ ಹೊಡ್ಕೊಂಡು ಹೋಗ್ತೀವಿ, ಈಗ ಒಂದ್ಸಲ ಕಣ್ಣಲ್ಲಿ ನೋಡ್ಬೇಕು' ಎಂದು ಅವನು ಹೇಳಿ ಕಳಿಸಿದ್ದ.

ನೋಡಲು ಬರುವ ಬೀಗರಿಗೆ ನೆರೆಯವರ ದನ ತೋರಿಸುವುದು ಆ ಊರಲ್ಲಿ ಹೊಸದಲ್ಲ. ದನಗಳ್ಳರು ಬಂದು ಇಡೀ ಸೀಮೆಯ ಕೊಟ್ಟಿಗೆಗಳನ್ನು ಗುಡಿಸಿಕೊಂಡು ಹೋದ ಮೇಲೆ ಮದುವೆಯಾದವರಲ್ಲಿ ಅರ್ಧ ಜನ ಹೀಗೇ ಆದವರು. ಹುಡುಗಿ ಬಂದು ಒಲೆ ಹಚ್ಚಿದಳೆಂದರೆ ಮುಗಿಯಿತು. ಉಳಿದ ದನ ವರ್ಷಕ್ಕೊಂದು, ಎರಡು ವರ್ಷಕ್ಕೊಂದು, ಜಗಳ ಮಾಡಿಕೊಂಡೇ ಕೊಡಬಹುದು.

ಆದ್ದರಿಂದ ಇಕ್ವಾಪ್ ನೆರೆಮನೆಯ ಒಕಿರಿಯನನ್ನು ಕೇಳಿದ. ಒಕಿರಿಯ ಉಪ್ಪನ್ನೂ ಅಳೆದು ಕೊಡುವ ಮನುಷ್ಯ. ಅವತ್ತು ಮಾತ್ರ ಎರಡನೆಯ ಮಾತಾಡಲಿಲ್ಲ.

"ಮೂರನ್ನೂ ತಗೊಂಡೋಗಯ್ಯ. ನಿಮ್ಮಪ್ಪ, ನಾನು ಒಂದೇ ಬೀರಿನ ಗಡಿಗೆಗೆ ಕೊಳವೆ ಇಟ್ಟು ಕುಡಿದೋರು. ಗುರುವಾರ ಸಂಜೆ ತಂದು ಬಿಡು ಸಾಕು."

"ಎರಡು ದಿನ ಇಟ್ಕೊಂಡ್ರೆ ತೊಂದ್ರೆ ಇಲ್ವಾ?"

"ಏನ್ ತೊಂದ್ರೆ? ಇಟ್ಕೊ."

ಗುರುವಾರ ಬೆಳಿಗ್ಗೆ ಇಕ್ವಾಪ್ ತಂಗಿಯ ಗಂಡನ ಕೋಟು ತೊಟ್ಟ. ಬೂಟೂ ಅವನದೇ; ಒಂದು ಬೆರಳಷ್ಟು ದೊಡ್ಡದು. ಒಕಿರಿಯನ ಹಸುಗಳು ತಮ್ಮ ಕೊಟ್ಟಿಗೆಯ ಕಡೆ ಮುಖ ಮಾಡಿ ಒಂದೇ ಸಮ ಕೂಗುತ್ತಿದ್ದವು. ಹೊಸ ಜಾಗ ಎಂದು ಬೀಗರಿಗೆ ಗೊತ್ತಾಗಿಬಿಡುತ್ತದೆಂದು ಇಕ್ವಾಪ್ ಗೆಣಸಿನ ಬಳ್ಳಿ ಹಾಕಿದ, ಉಪ್ಪು ನೆಕ್ಕಿಸಿದ, ಬೆನ್ನು ಸವರಿದ. ಕೂತಲ್ಲಿ ಕೂರಲಾಗಲಿಲ್ಲ. ರಸ್ತೆಗೆ ಹೋದ, ಬಂದ, ಮತ್ತೆ ಹೋದ.

ಅವನ ಅವ್ವ ಮುದ್ದೆಗೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿ ಕಿವಿಗೊಟ್ಟಳು.

"ಊರಲ್ಲಿ ಒಂದಾಡೂ ಕೂಗ್ತಿಲ್ವಲ್ಲೋ. ಎಲ್ರ ಆಡೂ ಎಲ್ಲೋದ್ವು?"

ಇಕ್ವಾಪನಿಗೆ ಅದು ಕೇಳಿಸಲಿಲ್ಲ. ರಸ್ತೆಯಲ್ಲಿ ಅರಿಕೊ ಬರುತ್ತಿದ್ದ.

ಅರಿಕೊ ಅವಸರದವನಲ್ಲ. ರಾಗಿ ಬೀರಿನ ಗಡಿಗೆಯ ಪಕ್ಕ ಕೂತು, ಕೊಳವೆಯಲ್ಲಿ ಎರಡು ಗುಟುಕು ಎಳೆದು, ಆಮೇಲೆ ಎದ್ದು ಹಸುಗಳ ಬಾಯಿ ಬಿಡಿಸಿ ಹಲ್ಲು ನೋಡಿದ. ಇಕ್ವಾಪ್ ಹಿಂದೆ ಹಿಂದೆಯೇ ಸುತ್ತುತ್ತ ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಹೇಳಿದ. ಸೈಕಲ್ಲಿನಿಂದ ಒಳ್ಳೇ ಗಿಟ್ಟುತ್ತದೆ. ಬರುವ ವರ್ಷ ಮನೆಗೆ ತಗಡು ಹಾಕಿಸುತ್ತಾನೆ. ಸಂತೆಯಲ್ಲಿ ರಿಪೇರಿ ಅಂಗಡಿಯ ಮಾತೂ ನಡೆದಿದೆ.

"ನೋಡಕ್ಕೆ ಚೆನ್ನಾಗವೆ," ಅಂದ ಅರಿಕೊ. "ನಿನ್ನವೇ ತಾನೆ?"

"ಇನ್ಯಾರವು ಮಾವ?"

"ಹಾಗಲ್ಲ. ನಾನೂ ಮದುವೆ ಆಗಿದೀನಿ. ಅವತ್ತು ನನ್ನ ಕೊಟ್ಟಿಗೇಲಿ ಐದು ಹಸು ಇದ್ವು. ಮಾರನೇ ದಿನ ನಾನೊಬ್ನೇ ಇದ್ದೆ."

ತನ್ನ ಮಾತಿಗೆ ತಾನೇ ನಕ್ಕ. ಇಕ್ವಾಪನೂ ನಕ್ಕ. ಅಷ್ಟರಲ್ಲಿ ಸೈಕಲ್ ಬೆಲ್ಲುಗಳು ಕೇಳಿಸಿದವು. ಸಬ್‌ಕೌಂಟಿ ಅನ್ನುವ ಹತ್ತಾರು ಊರುಗಳ ಆಡಳಿತ ನೋಡುವ ಚೀಫು, ಅವನ ಗುಮಾಸ್ತ, ಊರಿನ ಪರವಾಗಿ ಸಮಿತಿಯಲ್ಲಿ ಕೂರುವ ಹಿರಿಯ. ಆ ಹಿರಿಯ ಬೇರೆ ಯಾರೂ ಅಲ್ಲ, ಒಕಿರಿಯ.

ವರ್ಷಕ್ಕೊಮ್ಮೆ ಗಂಡಸರ ತೆರಿಗೆಗೆ ಅಂದಾಜು ಹಾಕಲು ಬರುವ ಸಮಿತಿ ಅದು. ಸಂಬಳದವನ ತೆರಿಗೆ ಸಂಬಳದ ಲೆಕ್ಕದಲ್ಲಿ. ಉಳಿದವರದು ಸಮಿತಿಯ ಕಣ್ಣಳತೆಯಲ್ಲಿ. ಅಂಗಳಕ್ಕೆ ಬಂದು ದನ ನೋಡುತ್ತಾರೆ, ಸೂರು ನೋಡುತ್ತಾರೆ, ಸೈಕಲ್ಲು ರೇಡಿಯೊ ನೋಡುತ್ತಾರೆ, ಒಂದು ದರ್ಜೆ ಹೇಳುತ್ತಾರೆ. ಆ ದರ್ಜೆಯ ಹಣ ಕಟ್ಟಿ ಟಿಕೆಟ್ಟು ಜೇಬಿನಲ್ಲಿಟ್ಟುಕೊಳ್ಳದ ಗಂಡಸು ಸಂತೆಗೆ ಹೋಗುವಂತಿಲ್ಲ. ರಸ್ತೆಗೆ ಅಡ್ಡ ಬಿದಿರು ಕಟ್ಟಿ ಪೇದೆಗಳು ಹಿಡಿಯುತ್ತಾರೆ. ಆದ್ದರಿಂದ ಸಮಿತಿ ಬರುವ ದಿನ ಊರಿನ ಆಡುಗಳೆಲ್ಲ ಜೊಂಡಿನ ಜೌಗಿಗೆ ಹೋಗುತ್ತವೆ. ರೇಡಿಯೊ ಕಣಜದೊಳಗೆ ಇಳಿಯುತ್ತದೆ. ಗಂಡಸರು ಇರುವುದರಲ್ಲೇ ಹರಿದ ಅಂಗಿ ಹುಡುಕಿ ತೊಟ್ಟು ಬಾಗಿಲಲ್ಲಿ ಕೂರುತ್ತಾರೆ. ಸಮಿತಿ ಇವತ್ತು ಬರುತ್ತದೆಂದು ಬೆಳಿಗ್ಗೆಯೇ ಊರಿಗೆ ಗೊತ್ತಾಗಿತ್ತು. ಒಕಿರಿಯನಿಗೆ ವಾರದ ಹಿಂದೆಯೇ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ಕೋಟು ತೊಟ್ಟು ಬೀಗರಿಗೆ ಕಾಯುತ್ತಿದ್ದವನಿಗೆ.

"ಓಹೋ," ಅಂದ ಚೀಫು. "ಬೆಳಿಗ್ಗೆಯಿಂದ ಭಿಕ್ಷುಕರನ್ನೇ ನೋಡಿ ನೋಡಿ ಸಾಕಾಗಿತ್ತು. ಇಲ್ಲೊಬ್ಬ ಮನುಷ್ಯ ಸಿಕ್ಕಿದ. ಈ ಹಸುಗಳು ಯಾರವು?"

ಇಕ್ವಾಪ್ ಒಕಿರಿಯನ ಮುಖ ನೋಡಿದ. ಒಕಿರಿಯ ಹುಣಸೆ ಮರದಲ್ಲಿ ಹಣ್ಣೆಷ್ಟಿದೆ ಎಂದು ನೋಡುತ್ತಿದ್ದ. ಅರಿಕೊ ಬಾಯಿಂದ ಕೊಳವೆ ತೆಗೆದು ಕೈಯಲ್ಲಿ ಹಿಡಿದಿದ್ದ.

"ಮಾತಾಡಯ್ಯ. ಹಸುಗಳನ್ನೇ ಕೇಳಬೇಕಾ?"

"ನನ್ನವು," ಅಂದ ಇಕ್ವಾಪ್.

"ನಾಲ್ಕೂ?"

"ನಾಲ್ಕೂ."

ಗುಮಾಸ್ತ ಬರೆದುಕೊಂಡ. ಅರಿಕೊನ ಮುಖ ಅರಳಿತು. "ಸೈಕಲ್ಲೂ ಐತೆ ಸ್ವಾಮಿ! ಬರೋ ವರ್ಷ ತಗಡು ಹಾಕಿಸ್ತಾನೆ. ಸಂತೇಲಿ ಅಂಗಡಿ ಬೇರೆ ಹಾಕ್ತಾನಂತೆ, ನಮ್ಮ ಅಳಿಯ!" ಇಕ್ವಾಪ್ ಹೇಳಿದ್ದನ್ನೆಲ್ಲ ಅವನು ಒಂದೂ ಬಿಡದೆ ಒಪ್ಪಿಸಿದ. ಗುಮಾಸ್ತ ಅದನ್ನೂ ಬರೆದುಕೊಂಡ.

ಹೋದ ವರ್ಷ ಇಕ್ವಾಪನದು ಎಲ್ಲಕ್ಕಿಂತ ಕೆಳಗಿನ ದರ್ಜೆ. ಈ ವರ್ಷ ಶಾಲೆಯ ಹೆಡ್‌ಮಾಸ್ತರರ ದರ್ಜೆ.

ಸಮಿತಿ ಹೋದ ಮೇಲೆ ಅರಿಕೊ ಅವನ ಭುಜ ತಟ್ಟಿದ. "ನಿಜ ಹೇಳ್ತೀನಿ, ನಂಗೆ ಅನುಮಾನ ಇತ್ತು. ಬೀಗರ ಮುಂದೆ ಎಲ್ರೂ ಸುಳ್ಳು ಹೇಳ್ತಾರೆ. ಆದ್ರೆ ಚೀಫ್ ಮುಂದೆ ಇಲ್ಲದ ಹಸು ಐತೆ ಅನ್ನೋ ಮೂರ್ಖ ಇನ್ನೂ ಹುಟ್ಟಿಲ್ಲ. ಆಯ್ತು, ಹುಡುಗಿ ನಿನ್ನೋಳು."

ಶನಿವಾರದ ಸಂತೆಯಲ್ಲಿ ಅಗುತಿ ಮೀನು ಹುರಿಯುತ್ತ ಕೂತಿದ್ದಳು. ಇಕ್ವಾಪ್ ಸೈಕಲ್ಲಿನಿಂದ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೂರಿ, ಒಂದು ಕಣ್ಣು ರಸ್ತೆಯ ಮೇಲಿಟ್ಟು ನಿಂತ. ಹಳೆಯ ಟಿಕೆಟ್ಟು ತಿಂಗಳ ಕೊನೆಯವರೆಗೆ ನಡೆಯುತ್ತಿತ್ತು, ಆದರೂ ಪೇದೆಗಳ ಭಯ ಈಗಲೇ ಶುರುವಾಗಿತ್ತು.

"ಹೆಡ್‌ಮಾಸ್ತರರಿಗೆ ನಮಸ್ಕಾರ," ಅಂದಳು. "ನಮ್ಮೂರಲ್ಲೆಲ್ಲ ನಿಂದೇ ಮಾತು. ನಾನು ಸಾಹುಕಾರನ ಹೆಂಡ್ತಿ ಆಗ್ತೀನಂತೆ."

"ನಗಬೇಡ."

"ನಗದೆ ಇನ್ನೇನ್ ಮಾಡ್ಲಿ? ದಿನಕ್ಕೆ ನಿನಗಿಂತ ನಂಗೇ ಜಾಸ್ತಿ ಗಿಟ್ಟತ್ತೆ. ಲಂಗ ಉಟ್ಟಿದೀನಿ ಅಂತ ನಂಗೆ ತೆರಿಗೆ ಇಲ್ಲ. ಪ್ಯಾಂಟು ಹಾಕಿದೀಯ ಅಂತ ನಿಂಗೈತೆ." ಮೀನು ಮಗುಚಿದಳು. ದನಿ ತಗ್ಗಿಸಿ ಕೇಳಿದಳು, "ನಿಜವಾಗ್ಲೂ ನಿಂದು ಎಷ್ಟು?"

"ಒಂದು."

ಅವಳು ಒಂದು ಮೀನನ್ನು ಎಣ್ಣೆಯಿಂದ ಎತ್ತಿ ಎಲೆಯ ಮೇಲಿಟ್ಟಳು.

"ತೆರಿಗೆ ಅಪೀಲು ಕೇಳೋ ದಿನ ಹೋಗಿ ಇರೋದು ಒಂದೇ ಅಂತ ಹೇಳ್ಬಿಡು."

"ಸಬ್‌ಕೌಂಟಿ ಕಚೇರಿ ಮುಂದೆ ಎಲ್ರಿಗೂ ಕೇಳೋ ಹಾಗೆ ಹೇಳ್ಬೇಕು. ನಿಮ್ಮ ಚಿಕ್ಕಪ್ಪಂಗೆ ಅವತ್ತೇ ಗೊತ್ತಾಗತ್ತೆ."

"ಆಗ್ಲಿ. ಕೂಗಾಡ್ತಾನೆ, ನೆಲ ಒದೀತಾನೆ. ನಾನು ಎರಡು ದಿನ ಒಲೆ ಹಚ್ಚಲ್ಲ ಅಂತ ಕೂತ್ರೆ ಒಂದು ಹಸೂಗೂ ಒಪ್ತಾನೆ. ನಾನು ಒಪ್ಪಿಸ್ತೀನಿ. ಆದ್ರೆ ನೀನಾಗಿ ಹೇಳ್ಬೇಕು. ಅವನೇ ಕಂಡುಹಿಡಿದ್ರೆ ನನ್ನ ಕೈಯಲ್ಲೂ ಏನೂ ಆಗಲ್ಲ."

"ಹೇಳ್ತೀನಿ," ಅಂದ ಇಕ್ವಾಪ್. ಹೇಳುತ್ತೇನೆಂದೇ ಅಂದುಕೊಂಡಿದ್ದ.

ಅಪೀಲಿನ ದಿನ ಸಬ್‌ಕೌಂಟಿ ಕಚೇರಿಯ ಮುಂದಿನ ಮಾವಿನ ಮರದಡಿ ಜನ ಕಿಕ್ಕಿರಿದಿದ್ದರು. ಜಿಲ್ಲೆಯಿಂದ ಬಂದ ಅಧಿಕಾರಿ ಮೇಜಿನ ಹಿಂದೆ ಕೂತಿದ್ದ. ಇಕ್ವಾಪ್ ತನ್ನದೇ ಹರಿದ ಅಂಗಿ ತೊಟ್ಟು ಬಂದಿದ್ದ. ಏನು ಹೇಳಬೇಕೆಂದು ಬಾಯಲ್ಲೇ ಉರು ಹೊಡೆಯುತ್ತಿದ್ದ: ಒಂದು ನನ್ನದು, ಮೂರು ನೆರೆಯವನವು, ಬೀಗರು ಇದ್ದರೆಂದು ಬಾಯಿ ತಪ್ಪಿತು. ಮೂರು ಸಲ ಜಾಗ ಬದಲಿಸಿದ. ನಿಂತರೆ ಕೂರಬೇಕೆನಿಸುತ್ತಿತ್ತು, ಕೂತರೆ ಮನೆಗೆ ಓಡಬೇಕೆನಿಸುತ್ತಿತ್ತು.

ಅವನ ಮುಂದಿದ್ದ ಮುದುಕನೊಬ್ಬ ಎದ್ದು ಕೇಳಿದ. "ಸ್ವಾಮಿ, ನಮ್ಮೂರ ಅಂಗಡಿಯವನಿಗೆ ಲಾರಿ ಐತೆ. ಅವನೆಷ್ಟು ಕಟ್ತಾನೆ?"

"ಮೇಲಿನ ದರ್ಜೆ."

"ಎರಡು ಲಾರಿ ತಗೊಂಡ್ರೆ?"

"ಅದೇ. ಅದರ ಮೇಲೆ ದರ್ಜೆ ಇಲ್ಲ."

"ನನ್ನದು?"

"ನಿಮ್ಮದು ಕೆಳಗಿನ ದರ್ಜೆ."

"ಈ ವರ್ಷ ನಂಗೆ ಬೆಳೇನೇ ಆಗ್ಲಿಲ್ಲ. ಅದ್ರ ಕೆಳಗೆ?"

"ಅದರ ಕೆಳಗೆ ಏನೂ ಇಲ್ಲ."

"ಮೇಲೆ ಅವನಿಗೆ ಸೂರು ಹಾಕಿದೀರಿ, ಕೆಳಗೆ ನಂಗೆ ನೆಲ ಹಾಕಿದೀರಿ. ಸಾಹುಕಾರ ಬೆಳೆಯೋದು ಬೇಡ, ಬಡವ ಬೀಳೋದು ಬೇಡ ಅಂತಾನಾ?"

ಜನ ಗೊಳ್ಳೆಂದರು. ಅಧಿಕಾರಿಯೂ ನಕ್ಕು, ದರ ತಾನು ಮಾಡಿದ್ದಲ್ಲ ಎಂದ. ಮುದುಕನ ದರ್ಜೆ ಇದ್ದಲ್ಲೇ ಇತ್ತು. ಅವನು ಗೊಣಗುತ್ತ ಕೂತ.

ಆಮೇಲೆ ಕರೆದ ಹೆಸರು ಅರಿಕೊ.

ಮಾವ ಇಲ್ಲಿರುತ್ತಾನೆಂದು ಇಕ್ವಾಪ್ ಅಂದುಕೊಂಡಿರಲಿಲ್ಲ. ಅವತ್ತು ಅಂಗಳಕ್ಕೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ ಅರಿಕೊ ಈಗ ತೋಳೇ ಇಲ್ಲದ ಅಂಗಿಯಲ್ಲಿ, ಬರಿಗಾಲಲ್ಲಿ, ಕೋಲೂರಿಕೊಂಡು ಎದ್ದು ಬಂದ. ಕೋಲು ಬೇಕಾಗುವಂಥದ್ದು ಅವನ ಕಾಲಿಗೆ ಏನೂ ಆಗಿರಲಿಲ್ಲ.

"ನಿನ್ನ ಕೊಟ್ಟಿಗೆಯಲ್ಲಿ ಎರಡು ಹಸು ಬರೆದಿದೆ," ಅಂದ ಅಧಿಕಾರಿ.

"ಅವು ನನ್ನವಲ್ಲ ಸ್ವಾಮಿ. ಮೇಯಿಸಕ್ಕೆ ಬಿಟ್ಟಿರೋವು."

"ಯಾರು ಬಿಟ್ಟಿರೋರು?"

ಅರಿಕೊ ಆಚೆ ಈಚೆ ನೋಡಿದ. ಆತುಕೊಳ್ಳಲು ಒಂದು ಹೆಸರು ಹುಡುಕುತ್ತಿದ್ದ. ಇಕ್ವಾಪ್ ಕಣ್ಣಿಗೆ ಬಿದ್ದ.

"ನಮ್ಮ ಅಳಿಯನವು. ಇಲ್ಲೇ ಕೂತವ್ನೆ, ಅವನನ್ನೇ ಕೇಳಿ."

ಎಲ್ಲರೂ ತಿರುಗಿದರು. ಇಕ್ವಾಪ್ ಎದ್ದು ನಿಂತ. ಉರು ಹೊಡೆದ ಮಾತೆಲ್ಲ ಬಾಯಲ್ಲೇ ಇತ್ತು. ಅರಿಕೊ ಕೋಲಿನ ಮೇಲೆ ಬಗ್ಗಿ ಅವನತ್ತ ಕಣ್ಣು ಮಿಟುಕಿಸಿದ. ಇಷ್ಟು ದಿನದಲ್ಲಿ ಅವನನ್ನು ಮನೆಯವನಂತೆ ನೋಡಿದ್ದು ಅದೇ ಮೊದಲು.

"ಹೌದು," ಅಂದ ಇಕ್ವಾಪ್. "ನನ್ನವೇ."

ಅಧಿಕಾರಿ ಹಾಳೆ ತಿರುವಿದ. "ಅಲ್ಲಿ ನಾಲ್ಕು, ಇಲ್ಲಿ ಎರಡು. ಆರು. ಸೈಕಲ್ಲು. ನೀನೂ ಅಪೀಲಿಗೆ ಹೆಸರು ಕೊಟ್ಟಿದೀಯಲ್ಲ, ನಿನ್ನ ತಕರಾರೇನು?"

"ಏನಿಲ್ಲ."

"ಏನಿಲ್ವಾ?"

"ಏನಿಲ್ಲ ಸ್ವಾಮಿ."

ಅಪೀಲಿಗೆ ಬಂದು ತೆರಿಗೆ ಹೆಚ್ಚಿಸಿಕೊಂಡು ಹೋದವನನ್ನು ಆ ಮರದಡಿ ಯಾರೂ ಕಂಡಿರಲಿಲ್ಲ. ಇಕ್ವಾಪನಿಗೆ ಮೇಲಿನ ದರ್ಜೆ ಬಿತ್ತು. ಲಾರಿಯವನದೂ ಅದೇ.

ಹಿಂತಿರುಗುವಾಗ ಅರಿಕೊ ಜೊತೆಗೇ ನಡೆದ. ಕೋಲನ್ನು ಹೆಗಲ ಮೇಲೆ ಹಾಕಿಕೊಂಡು ಸರಸರನೆ ಹೆಜ್ಜೆ ಹಾಕುತ್ತಿದ್ದ. "ಬದುಕಿಸ್ದೆ ಕಣೋ ಅಳಿಯ. ಆ ಮೇಜಿನ ಹಿಂದಿರೋನ ಮುಖ ನೋಡ್ದಾ?"

ಇಕ್ವಾಪ್ ಸೈಕಲ್ಲು ತಳ್ಳುತ್ತ ಧೈರ್ಯ ಮಾಡಿದ. "ಮಾವ, ಈ ಸಲ ಕಟ್ಟೋದು ತುಂಬಾ ಆಯ್ತು. ನಿಮ್ಮೆರಡು ಹಸೂದಾದ್ರೂ..."

"ಆರು ಹಸು ಇಟ್ಕೊಂಡಿರೋನು ನನ್ನ ಕೇಳ್ತೀಯಾ?" ಅರಿಕೊ ಗಹಗಹಿಸಿದ.

ನಗು ನಡುವೆಯೇ ನಿಂತಿತು. ಅರಿಕೊ ರಸ್ತೆಯ ನಡುವೆ ನಿಂತುಬಿಟ್ಟ.

"ನನ್ನೆರಡೂ ನಿನ್ನವೇ ಅಂದ್ಯಲ್ಲ."

"ನೀವೇ ತಾನೆ..."

"ನಾನು ಹೇಳ್ದೆ. ನೀನು ಹೌದು ಅಂದೆ. ಇಲ್ಲದ ಹಸು ಐತೆ ಅಂತ ಅಧಿಕಾರಿ ಮುಂದೆ ನಿಂತು ಹೇಳ್ದೆ. ಒಂದು ಚೂರೂ ಮುಖ ಬಾಡ್ಲಿಲ್ಲ ನಿಂಗೆ." ಅರಿಕೊ ಅವನನ್ನು ಹಸುವಿನ ಹಲ್ಲು ನೋಡಿದ ಹಾಗೆ ನೋಡಿದ. "ಅವತ್ತಿನ ನಾಲ್ಕರಲ್ಲಿ ನಿಂದು ಎಷ್ಟು?"

"ನಾಲ್ಕೂ ನನ್ನವೇ ಮಾವ."

"ಇವತ್ತೂ ಹಿಂಗೇ ಅಂದೆ. ಇದೇ ದನೀಲಿ."

ಅರಿಕೊ ತನ್ನೂರಿನ ದಾರಿ ಬಿಟ್ಟು ಇಕ್ವಾಪನ ಮನೆಯ ದಾರಿ ಹಿಡಿದ. ಇಕ್ವಾಪ್ ಸೈಕಲ್ಲು ತಳ್ಳುತ್ತ ಹಿಂದೆ ಓಡಿದ. ಮಳೆ ಬರುತ್ತದೆ ಅಂದ, ಹಸು ಮೇಯಲು ಹೋಗಿರುತ್ತವೆ ಅಂದ, ನಾಳೆ ಬನ್ನಿ ಅಂದ. ಕೊಟ್ಟಿಗೆಯಲ್ಲಿ ಬಿಳಿ ಮಚ್ಚೆಯ ಕಂದು ಹಸು ಒಂದೇ ನಿಂತು ಮೆಲುಕು ಹಾಕುತ್ತಿತ್ತು. ಬೇಲಿಯಾಚೆ ಒಕಿರಿಯನ ಕೊಟ್ಟಿಗೆಯಲ್ಲಿ ಉಳಿದ ಮೂರು. ಅರಿಕೊ ಬೇಲಿಗೆ ಕೈಯಿಟ್ಟು ಎರಡೂ ಕಡೆ ನೋಡಿದ. ಇಕ್ವಾಪನ ಅವ್ವ ನೀರು ತಂದುಕೊಟ್ಟಳು. ಕುಡಿಯಲಿಲ್ಲ.

"ಬಡವ ಅಂತ ಹೇಳಿದ್ರೆ ಯೋಚನೆ ಮಾಡ್ತಿದ್ನೇನೋ," ಅಂದ. "ಯಾರು ಏನು ಕೇಳಿದ್ರೂ ಹೌದು ಅನ್ನೋನಿಗೆ ಹೆಣ್ಣು ಕೊಡಲ್ಲ."

ಇಕ್ವಾಪ್ ಆ ಸಂಜೆಯೇ ಒಕಿರಿಯನ ಬಳಿ ಹೋದ. "ನೀವು ಸಮಿತೀಲಿ ಇರೋರು. ಹೇಳಿ ಅವರಿಗೆ, ಮೂರು ನಿಮ್ಮವು ಅಂತ."

"ನಾನು ಕೊಟ್ಟಿದ್ದು ಬೀಗರಿಗೆ ತೋರಿಸಕ್ಕೆ," ಅಂದ ಒಕಿರಿಯ, ಹಲ್ಲಿನ ಸಂದಿಯಿಂದ ಏನೋ ಕಡ್ಡಿಯಲ್ಲಿ ತೆಗೆಯುತ್ತ. "ಚೀಫಿಗೆ ತೋರಿಸು ಅಂದ್ನಾ? ಇನ್ನೊಂದು ಅಪೀಲು ಮುಂದಿನ ವರ್ಷ."

ತೆರಿಗೆ ಕಟ್ಟಲಿಲ್ಲವೆಂದು ಸುಗ್ಗಿಗೆ ಮುಂಚೆ ಪೇದೆಗಳು ಬಂದರು. ಹಾಳೆಯಲ್ಲಿ ಆರು ಹಸು, ಕೊಟ್ಟಿಗೆಯಲ್ಲಿ ಒಂದು. ಉಳಿದವನ್ನು ಎಲ್ಲಿ ಬಚ್ಚಿಟ್ಟಿದ್ದೀಯೆಂದು ಕೇಳಿ ಎರಡು ಏಟು ಬಿಟ್ಟರು. ಹಸು ಆಡುಗಳನ್ನು ಹೊಡೆದುಕೊಂಡು ಹೋಗಿ ಕಚೇರಿಯ ಮುಂದೆ ಹರಾಜು ಹಾಕಿದರು. ಕಂದು ಹಸುವನ್ನು ಕೊಂಡವನು ಒಕಿರಿಯ. ಕಡಿಮೆ ಬಿದ್ದದ್ದಕ್ಕೆ ಸೈಕಲ್ಲೂ ಹೋಯಿತು. ಅಗುತಿಯನ್ನು ಸುಗ್ಗಿಯಲ್ಲಿ ಎತ್ತು ನೇಗಿಲು ಎರಡೂ ಇದ್ದ ಒಬ್ಬ ವಿಧುರನಿಗೆ ಕೊಟ್ಟರು. ಅವಳು ಎರಡು ದಿನ ಒಲೆ ಹಚ್ಚಲಿಲ್ಲವೆಂದು ಸಂತೆಯಲ್ಲಿ ಯಾರೋ ಹೇಳಿದರು. ಮೂರನೆಯ ದಿನ ಹಚ್ಚಿದಳಂತೆ.

ಇಕ್ವಾಪನಿಗೆ ಟಿಕೆಟ್ಟು ಸಿಕ್ಕಿತು, ಮೇಲಿನ ದರ್ಜೆಯದು. ಈಗ ಅವನು ಸಂತೆಗೆ ನಡೆದೇ ಹೋಗಿ ಬೇರೆಯವರ ಮೂಟೆ ಹೊರುತ್ತಾನೆ. ಒಂದು ದಿನ ಬಿದಿರಿನ ಅಡ್ಡಗಂಬದ ಬಳಿ ಹೊಸ ಪೇದೆಯೊಬ್ಬ ಟಿಕೆಟ್ಟು ಬಿಡಿಸಿ ನೋಡಿ, ಎರಡೂ ಕೈಯಲ್ಲಿ ವಾಪಸು ಕೊಟ್ಟ.

"ಕ್ಷಮಿಸಿ ಯಜಮಾನ್ರೆ. ತಮ್ಮಂಥೋರು ನಡ್ಕೊಂಡು ಹೋಗ್ತೀರಾ?"

"ಹೌದು," ಅಂದ ಇಕ್ವಾಪ್.

ಆ ವರ್ಷ ಅವನಿಗೆ ಹೋದದ್ದು ಒಂದು ಹಸು, ಎರಡು ಆಡು, ಒಂದು ಸೈಕಲ್ಲು, ಒಬ್ಬಳು ಅಗುತಿ.