ಅರ್ಧ ಮುಚ್ಚಳ

ಕುಡುಗೋಲಿಗೆ ಸಿಕ್ಕ ತೆನೆ ಮುಂಗೈಗೆ ಬಡಿಯುತ್ತದೆ, ಒರಟಾಗಿ, ಭಾರವಾಗಿ, ಸಜ್ಜೆಗೆ ಇಷ್ಟು ತೂಕವೇ, ಅದೂ ಈ ದಿಬ್ಬದ ಹೊಲದಲ್ಲಿ, ಮೇಲ್ಮಣ್ಣೆಲ್ಲ ಹಳ್ಳಕ್ಕೆ ಕೊಚ್ಚಿಹೋಗಿ ಬರೀ ಗರಸು ಉಳಿದ ಈ ಒಂದು ಎಕರೆಯಲ್ಲಿ — ಅತ್ತೆ ಬೇಕಂತಲೇ ಇದನ್ನು ಕೊಟ್ಟದ್ದು, ಗೊಬ್ಬರದ ಮಾತು ನಿನಗ ಬೇಕಲ್ಲ ಮೆಹರು, ತಗೋ, ಇದರಾಗ ಬೆಳದು ತೋರಸು, ಬೆಳದ್ರ ಮುಂದಿನ ವರ್ಷ ಕೆಳಗಿನ ಐದೂ ಎಕರೆ ನೀ ಹೇಳಿದಂಗ, ಇಲ್ಲಂದ್ರ ಸುಮ್ನ ನಾ ಹೇಳಿದಂಗ — ಅತ್ತೆ ಲಾಡಬಿ ಅಂದರೆ ಅಮೀನಗಡದ ತನಕ ಹೆದರುತ್ತಾರೆ, ನಾನು ಹ್ಞೂ ಅಂದುಬಿಟ್ಟೆ, ಸೊಂಟ ನೋಯುತ್ತಿದೆ, ಬೆಳಿಗ್ಗೆ ರೊಟ್ಟಿ ಬಡಿದು, ಮಗಳಿಗೆ ಜಡೆ ಹಾಕಿ ಸಾಲೆಗೆ ಕಳಿಸಿ ಬಂದ ಸೊಂಟ, ನೋಯಲಿ, ಇನ್ನೊಂದು ತೆನೆ, ಇದೂ ಮೊಳದುದ್ದ — ಹುನಗುಂದದ ಕೃಷಿ ಕಚೇರಿಯಲ್ಲಿ ಅಮಿತಾ ಮೇಡಂ ಮಣ್ಣು ಪರೀಕ್ಷೆಯ ಚೀಟಿ ನೋಡಿ ಅಂದದ್ದು, ಗೊಬ್ಬರ ಎರಚಬ್ಯಾಡ್ರಿ, ಈ ಗರಸಿನ್ಯಾಗ ನಿಲ್ಲಂಗಿಲ್ಲ, ಮೊದಲ ಕುರಿ ನಿಲ್ಲಸ್ರಿ, ಆಮ್ಯಾಲೆ ಬೀಜದ ಬಾಜೂಕ ಚಿಟಿಕಿ ಚಿಟಿಕಿ ಡಿಎಪಿ ಹಾಕ್ರಿ — ಚಿಟಿಕೆ ಅಂದರೆ ಎಷ್ಟು, ಯಾರ ಬೆರಳಿನದು, ಬಸ್ಸಿನ ದಾರಿಯುದ್ದಕ್ಕೂ ಅದೇ ಯೋಚನೆ, ಮನೆಗೆ ಬಂದರೆ ಮಗಳು ಮುಬಶೀರಾಳಿಗೆ ಕೆಮ್ಮು, ಔಷಧದ ಬಾಟಲಿಯ ಮೇಲಿನ ಆ ಪುಟ್ಟ ಮುಚ್ಚಳ, ಗಾಜಿನಂತೆ ತಿಳಿ, ನಡುವೆ ಒಂದು ಗೆರೆ, ಹನಿ ಹೆಚ್ಚಾಗದಂತೆ ಕಣ್ಣೆದುರು ಎತ್ತಿ ಹಿಡಿದಾಗ ಹೊಳೆಯಿತು, ಚಿಟಿಕೆಯ ಅಳತೆ ಇದೇ — ಈರಪ್ಪನ ಕುರಿಗಳು ಎರಡು ರಾತ್ರಿ ಇಲ್ಲೇ ಮಲಗಿದ್ದವು, ಹಿಕ್ಕೆ ಬಿದ್ದ ನೆಲದಲ್ಲಿ ಮೂರು ದಿನ ಬಾಗಿ, ಗುಣಿಗೆ ಎರಡು ಮೂರು ಕಾಳು, ಪಕ್ಕಕ್ಕೆ ಅರ್ಧ ಮುಚ್ಚಳ ಗೊಬ್ಬರ, ನಾಲ್ಕು ಸಾವಿರ ಗುಣಿ, ಬದುವಿನ ಮೇಲೆ ಈರಪ್ಪ, ಏನವಾ, ಹೊಲಕ್ಕ ಕೆಮ್ಮು ಬಂದೈತೇನು, ಊಟಕ್ಕ ಮೊದಲೋ ಆಮ್ಯಾಲೋ, ನಾನಂದೆ ಆಮ್ಯಾಲಣ್ಣಾ, ಊಟ ನಿನ್ನ ಕುರಿ ಹಾಕ್ಯಾವಲ್ಲ — ಕೆಳಗಿನ ಹೊಲಕ್ಕೆ ಅತ್ತೆ ಚೀಲಗಟ್ಟಲೆ ಯೂರಿಯಾ ಎರಚಿಸಿದರು, ಕಡುಹಸಿರು, ನೋಡು ಅಂದರು, ಎಲಿ ನೋಡು, ನಾನು ನೋಡಿದೆ, ಆಮೇಲೆ ಇಪ್ಪತ್ತು ದಿನ ಮಳೆ ಬರಲಿಲ್ಲ, ಆ ಹಸಿರು ಸುರುಳಿ ಸುತ್ತಿ ಜೋತುಬಿತ್ತು, ನನ್ನದು ಗಿಡ್ಡ, ಮಂಕು, ಆದರೆ ನಿಂತೇ ಇತ್ತು, ನಿಂತೇ ಇತ್ತು — ಯಾರೋ ದಿಬ್ಬ ಹತ್ತುವ ಉಸಿರು, ಅತ್ತೆ, ಒಂದು ತೆನೆ ಕಿತ್ತು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳು ಬಾಯಿಗೆ ಹಾಕಿಕೊಂಡು ಅಗಿಯುತ್ತಾರೆ, ಅಗಿಯುತ್ತಲೇ ಇದ್ದಾರೆ, ಏನಾದರೂ ಅನ್ನಬಾರದೇ, ಆ ಮುಚ್ಚಳ ಎಲ್ಲೈತಿ, ಅಷ್ಟೇ, ಸೆರಗಿನ ಗಂಟು ಬಿಚ್ಚಿ ಕೊಟ್ಟೆ, ಅವರು ಒಂದು ಕಣ್ಣು ಮುಚ್ಚಿ ಬಿಸಿಲಿಗೆ ಎತ್ತಿ ಹಿಡಿದರು, ಮೊಮ್ಮಗಳಿಗೆ ಔಷಧ ಅಳೆದಂತೆ, ಐದ ಎಕರೆಕ್ಕ ಇದೊಂದ ಹೆಂಗ ಸಾಲತೈತಿ, ಇನ್ನ ನಾಲ್ಕು ಹುಡುಕು — ಸೊಂಟ ಎಲ್ಲಿ ಹೋಯಿತು, ನೋವು ಎಲ್ಲಿ, ಅತ್ತೆಯ ಬೆರಳುಗಳ ನಡುವೆ ಮುಚ್ಚಳ, ಗೆರೆಯ ತನಕ ಬಿಸಿಲು, ಅರ್ಧ, ಸರಿಯಾಗಿ ಅರ್ಧ, ಮುಚ್ಚಳ